ಪಾತ್ರೆ ಬೇರೆಯಿರಲಿ, ಪಂಕ್ತಿ ಬೇರೆ ಬೇಡ

ಶಿರಸಿ–ಸಿದ್ದಾಪುರ ರಸ್ತೆಯ ಮನೆಯಿಂದ
ಫಾಲ್ಗುಣ ಬಹುಳ ಪಂಚಮಿ

ಪ್ರೀತಿಯ ಕೂಸಿಗೆ ದೊಡ್ಡಾಯಿ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಅಡಿಕೆ ಕೊಯ್ಲು ಮುಗಿದು, ಸುಲಿದು ಬೇಯಿಸಿದ್ದೂ ಆಯಿತು. ದೊಡ್ಡಪ್ಪನ ಮಂಡಿ ನೋವು ಬಿಟ್ಟರೆ ಬೇರೆ ತೊಂದರೆಯಿಲ್ಲ. ಗೌರಿ ಆಕಳು ಮೊನ್ನೆ ಕರು ಹಾಕಿತು. ಗಂಡು ಕರು. ಅದರ ಸುದ್ದಿ ಆಮೇಲೆ ಬರೆಯುತ್ತೇನೆ.

ಮೊದಲು ಆ ಫೋಟೋದ ವಿಷಯ. ಹೋದ ಭಾನುವಾರ ಮಧ್ಯಾಹ್ನ ಉಂಡು, ಕವಳದ ಬಟ್ಟಲು ಹತ್ತಿರ ಎಳೆದುಕೊಳ್ಳುವ ಹೊತ್ತಿಗೆ ಫೋನು ಸದ್ದು ಮಾಡಿತು. ಮನೆಯವರೆಲ್ಲ ಇರುವ ವಾಟ್ಸಾಪ್ ಗುಂಪಿನಲ್ಲಿ ನೀನು ಹಾಕಿದ ಚಿತ್ರ. ಕಪ್ಪು ಬಾಣಲೆ, ಅದರಲ್ಲಿ ಮಿರಿಮಿರಿ ಮಿಂಚುವ ನೂಡಲ್ಸ್, ಕೆಂಪು ದೊಣ್ಣೆಮೆಣಸು, ಹಸಿರು ಬೀನ್ಸ್, ನಡುವೆ ಕಂದು ಬಣ್ಣದ ತೆಳು ಪಟ್ಟಿಗಳು. ಕೆಳಗೆ ನೀನೇ ಬರೆದಿದ್ದೆ: ‘ಬೀಫ್ ನೂಡಲ್ಸ್, ಫಸ್ಟ್ ಟೈಮ್!’ ನಾನು ಕನ್ನಡಕ ಒರೆಸಿಕೊಂಡು ಮತ್ತೆ ನೋಡುವಷ್ಟರಲ್ಲಿ ಚಿತ್ರ ಮಾಯ. ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಸಾಲೊಂದು ಉಳಿಯಿತು. ಗೆಳತಿಯರ ಗುಂಪಿಗೆ ಹೋಗಬೇಕಾದದ್ದು ದಾರಿ ತಪ್ಪಿ ನಮ್ಮಲ್ಲಿಗೆ ಬಂದಿತ್ತು ಅಂತ ಕಾಣುತ್ತದೆ. ನಿನ್ನ ಅಪ್ಪ ಆಗ ನಿದ್ದೆಯಲ್ಲಿದ್ದ. ನೋಡಿದವಳು ನಾನೊಬ್ಬಳೇ.

ಅರ್ಧ ತಾಸು ಬಿಟ್ಟು ಫೋನ್ ಮಾಡಿದೆ. ಎರಡನೇ ಕ್ಲಾಸಿನಲ್ಲಿದ್ದಾಗ ಅಪ್ಪೆಮಿಡಿಯ ಭರಣಿ ಒಡೆದು ಹಾಕಿ ಅಟ್ಟದ ಮೇಲೆ ಅಡಗಿ ಕುಳಿತಿದ್ದೆಯಲ್ಲ, ಅವತ್ತು ಇದ್ದಂಥದೇ ದನಿ. ನೀನು ತಿಂದೆಯಾ ಎಂದು ನಾನು ಕೇಳಲಿಲ್ಲ. ಈ ಕಾಗದದಲ್ಲೂ ಕೇಳುವುದಿಲ್ಲ. ಇಪ್ಪತ್ತಾರು ವರ್ಷದವಳ ತಾಟಿನೊಳಗೆ ಇಣುಕುವ ಅಭ್ಯಾಸ ನನಗಿಲ್ಲ. ನಾನು ಕೇಳಿದ್ದು, ಶಾವಿಗೆ ಮುದ್ದೆಯಾಗದ ಹಾಗೆ ಎಳೆ ಎಳೆಯಾಗಿ ಹುರಿದದ್ದು ಹೇಗೆ ಎಂದು.

ಒಂದು ಗಳಿಗೆ ನೀನು ಸುಮ್ಮನಾದೆ. ಆಮೇಲೆ ಮುಕ್ಕಾಲು ತಾಸು ಮಾತಾಡಿದೆ. ಮೆಲ್ಬೋರ್ನಿನಲ್ಲಿ ನಿನ್ನ ಜೊತೆ ಮನೆ ಹಂಚಿಕೊಂಡಿರುವ ಚೀನಾದ ಗ್ವಾಂಗ್‌ಝೌ ಊರಿನ ಹುಡುಗಿ ಕಲಿಸಿದ್ದನ್ನು ನೀನು ಹೇಳುತ್ತ ಹೋದೆ, ನಾನು ಕ್ಯಾಲೆಂಡರಿನ ಹಳೇ ಹಾಳೆಯ ಬೆನ್ನಿಗೆ ಬರೆದುಕೊಳ್ಳುತ್ತ ಹೋದೆ. ಫೋನಿನಲ್ಲಿ ಹೇಳಲಾಗದ ಮಾತು ನನ್ನಲ್ಲೂ ಒಂದಿಷ್ಟು ಉಳಿಯಿತು. ಅದಕ್ಕೇ ಈ ಕಾಗದ.

ನೋಡು, ನೂಡಲ್ಸ್ ನಮ್ಮ ಮನೆಗೆ ಪರದೇಶದ್ದೇನಲ್ಲ. ನಾಗಂದಿಗೆಯ ಮೇಲೆ ಕುಳಿತಿರುವ ಶಾವಿಗೆ ಒರಳು ನೆನಪಿದೆಯಲ್ಲ? ಅಕ್ಕಿ ನೆನೆಸಿ, ನುಣ್ಣಗೆ ಬೀಸಿ, ಆ ಹಿಟ್ಟನ್ನು ಒಲೆಯ ಮೇಲೆ ಗಟ್ಟಿಯಾಗುವವರೆಗೆ ಮಗುಚಿ, ಉಂಡೆ ಕಟ್ಟಿ, ಉಂಡೆಯನ್ನು ಮತ್ತೆ ಬೇಯಿಸಿ, ಬಿಸಿ ಆರುವ ಮುಂಚೆ ಒರಳಿಗೆ ತುಂಬಿ ಒತ್ತಬೇಕು. ಆರಿತೋ, ಜಪ್ಪಯ್ಯ ಎಂದರೂ ಹಿಡಿಕೆ ಕೆಳಗಿಳಿಯದು. ಒಬ್ಬರು ಮೈಭಾರ ಹಾಕಿ ಒತ್ತಬೇಕು, ಇನ್ನೊಬ್ಬರು ಕೆಳಗೆ ಬಾಳೆಲೆ ತಿರುಗಿಸುತ್ತ ಎಳೆಯನ್ನು ಸುರುಳಿಯಾಗಿ ಹಿಡಿಯಬೇಕು. ನಿನ್ನ ಸಣ್ಣಂದಿನಲ್ಲಿ ಬಾಳೆಲೆ ಹಿಡಿಯುವ ಕೆಲಸ ನಿನ್ನದೇ. ಬಿಸಿ ಶಾವಿಗೆಗೆ ಬೆಲ್ಲ, ಏಲಕ್ಕಿ ಹಾಕಿದ ಕಾಯಿಹಾಲು. ಉಳಿದದ್ದಕ್ಕೆ ಮಾರನೆ ದಿನ ಬೆಳಿಗ್ಗೆ ಸಾಸಿವೆ, ಉದ್ದಿನಬೇಳೆ, ಒಣಮೆಣಸಿನ ಒಗ್ಗರಣೆ, ಮೇಲೆ ಲಿಂಬೆಹುಳಿ, ಕಾಯಿತುರಿ. ನಿನ್ನೆಯ ಶಾವಿಗೆಯೇ ಒಗ್ಗರಣೆಗೆ ಚೆಂದ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ತಣಿದ ಮೇಲೆ ಎಳೆ ಬಿಗಿಯುತ್ತದೆ, ಒಂದಕ್ಕೊಂದು ಅಂಟುವುದಿಲ್ಲ, ಸಟ್ಟುಗ ತಾಗಿದರೆ ಮುರಿಯುವುದೂ ಇಲ್ಲ. ನಿನ್ನ ಗೆಳತಿಯೂ ನೂಡಲ್ಸನ್ನು ಬೇಯಿಸಿ, ತಣ್ಣೀರಿನಲ್ಲಿ ತೊಳೆದು, ಎಣ್ಣೆ ಸವರಿ, ಹರಡಿ ಆರಲು ಬಿಡಬೇಕೆಂದು ಹೇಳಿದಳಂತೆ. ಅವಳ ಅಜ್ಜಿಗೂ ನಮ್ಮ ಅತ್ತೆಗೂ ಪರಿಚಯವಿರಲಿಲ್ಲ, ಆದರೂ ಇಬ್ಬರಿಗೂ ಒಲೆ ಒಂದೇ ಪಾಠ ಹೇಳಿದೆ.

ಅವಳ ದೇಶದ ಶಾವಿಗೆ ಬಹಳ ಹಳೆಯದು. ಚೀನಾದ ಲಾಜಿಯಾ ಎಂಬಲ್ಲಿ ಮಣ್ಣಿನಡಿ ಬೋರಲಾಗಿ ಬಿದ್ದಿದ್ದ ಬೋಗುಣಿಯೊಳಗೆ ಸುಮಾರು 4000 ವರ್ಷ ಹಿಂದಿನ ನೂಡಲ್ಸ್ ಸಿಕ್ಕಿತೆಂದು 2005ರಲ್ಲಿ ವರದಿಯಾಗಿತ್ತು. ಅದು ಗೋಧಿಯದಲ್ಲ, ನವಣೆ ಮತ್ತು ಬರಗಿನದು ಎಂದು ಪರೀಕ್ಷೆ ಮಾಡಿದವರು ಹೇಳಿದ್ದರು. ನಮ್ಮ ತಳ್ಳುಗಾಡಿಯವರು ಬಾಯ್ತುಂಬ ಕೂಗುವ ‘ಚೌಮೀನ್’ ಎಂಬ ಮಾತಿಗೆ ಹುರಿದ ಶಾವಿಗೆ ಎಂದಷ್ಟೇ ಅರ್ಥ. ನಿನ್ನ ಗೆಳತಿಯ ಸೀಮೆಯಲ್ಲಿ ಅಕ್ಕಿಹಿಟ್ಟಿನ ಅಗಲ ಪಟ್ಟಿಗಳನ್ನು ದನದ ಮಾಂಸದ ಜೊತೆ ದೊಡ್ಡ ಉರಿಯಲ್ಲಿ ಹುರಿಯುವುದು ಹೆಸರಾದ ಅಡುಗೆಯಂತೆ. ಅಕ್ಕಿ ಶಾವಿಗೆಯವರೆಗೆ ಅವರೂ ನಾವೂ ನೆಂಟರು. ಮುಂದೆ ದಾರಿ ಕವಲೊಡೆಯುತ್ತದೆ.

ಇನ್ನು ನನ್ನ ಪ್ರಯೋಗದ ಕತೆ ಕೇಳು. ಶಿರಸಿ ಪೇಟೆಗೆ ಹೋದವರ ಹತ್ತಿರ ನೂಡಲ್ಸಿನ ಪೊಟ್ಟಣ ತರಿಸಿದೆ. ಮೆಟ್ಟುಗತ್ತಿಯ ಮುಂದೆ ಕೂತು ಕ್ಯಾರೆಟ್, ಬೀನ್ಸ್, ಕ್ಯಾಬೇಜ್ ಹೆಚ್ಚಿದೆ. ಗ್ಯಾಸಿನ ಮೇಲೆ ಬಾಣಲೆಯಿಟ್ಟು ಎಲ್ಲವನ್ನೂ ಒಟ್ಟಿಗೆ ಸುರಿದು, ಪಲ್ಯಕ್ಕೆ ಮಾಡುವ ಹಾಗೆ ಮೇಲೊಂದು ತಾಟು ಮುಚ್ಚಿದೆ. ಐದು ನಿಮಿಷ ಬಿಟ್ಟು ತೆಗೆದರೆ ತರಕಾರಿ ನೀರು ಬಿಟ್ಟು, ಶಾವಿಗೆ ಆ ನೀರು ಕುಡಿದು, ಪಾಯಸವೂ ಅಲ್ಲದ ಪಲ್ಯವೂ ಅಲ್ಲದ ಒಂದು ಪದಾರ್ಥ ತಯಾರಾಗಿತ್ತು. ದೊಡ್ಡಪ್ಪ ಒಂದು ತುತ್ತು ಬಾಯಿಗಿಟ್ಟು ‘ಅಡ್ಡಿಲ್ಲೆ’ ಎಂದರು. ಅವರು ಊಟದ ತಾಟಿನೆದುರು ಅಡ್ಡಿಲ್ಲೆ ಎಂದರೆ ದೊಡ್ಡ ಅಡ್ಡಿಯೇ ಇದೆ ಎಂದು ಲೆಕ್ಕ.

ಎರಡು ದಿನ ಬಿಟ್ಟು ಬಚ್ಚಲೊಲೆಗೇ ಹೋದೆ. ನಗಬೇಡ. ಸ್ನಾನದ ನೀರು ಕಾದು ಹಂಡೆ ಇಳಿಸಿದ ಮೇಲೆ ಆ ಒಲೆಯಲ್ಲಿ ಇರುವಂಥ ಉರಿ ಗ್ಯಾಸಿನಲ್ಲಿ ಎಲ್ಲಿಂದ ಬರಬೇಕು? ಒಣಗಿದ ಅಡಿಕೆ ಹಾಳೆ, ಸೋಗೆ ತುಂಬಿದರೆ ಜ್ವಾಲೆ ಬಾಣಲೆಯ ಕಂಠದವರೆಗೆ ಏಳುತ್ತದೆ. ಅತ್ತೆಯ ಕಾಲದ ಕಬ್ಬಿಣದ ಬಾಣಲೆ ಇಟ್ಟೆ. ಸಣ್ಣಗೆ ಹೊಗೆಯೇಳುವವರೆಗೆ ಕಾಯಿಸಿದೆ. ಎಣ್ಣೆ ಬಿಟ್ಟ ಕೂಡಲೇ ಅದು ನೀರಿನ ಹಾಗೆ ಹರಿದಾಡಿತು. ಮೊದಲು ಶುಂಠಿ, ಸೂಜಿಮೆಣಸು. ಉಪ್ಪುನೀರಿನಲ್ಲಿ ಬೇಯಿಸಿ, ಹಿಂಡಿ, ಎಳೆಯಾಗಿ ಬಿಡಿಸಿ, ಸೋಯಾ ಸಾಸ್ ಮತ್ತು ಕಾರ್ನ್‌ಫ್ಲೋರ್ ಸವರಿಟ್ಟಿದ್ದ ಎಳೆ ಹಲಸಿನಕಾಯಿಯನ್ನು ಹಾಕಿದಾಗ ಬಾಣಲೆ ಚುಂಯ್ ಎಂದು ಕೂಗಿತು. ಆ ಕೂಗು ನಿಲ್ಲಬಾರದು, ನಿಂತರೆ ಬಾಣಲೆ ತಣಿದಿದೆ ಎಂದು ತಿಳಿ ಅಂತ ನೀನು ಫೋನಿನಲ್ಲಿ ಹೇಳಿದ ಮಾತು ಆಗ ತಲೆಗೆ ಹೋಯಿತು. ಒಂದೊಂದೇ ಹಿಡಿ ತರಕಾರಿ ಹಾಕುತ್ತ ಹೋದೆ. ಕೊನೆಗೆ ಶಾವಿಗೆ. ಮೂರು ನಿಮಿಷದಲ್ಲಿ ಎಲ್ಲ ಮುಗಿಯಿತು. ಅವತ್ತು ದೊಡ್ಡಪ್ಪ ಏನೂ ಹೇಳಲಿಲ್ಲ, ಎರಡನೇ ಸಲ ಹಾಕಿಸಿಕೊಂಡರು.

ಹಾಗಾಗಿ ನಾನು ಸೋತು ಕಲಿತದ್ದನ್ನು ನಿನ್ನ ಕ್ರಮದ ಜೊತೆ ಸೇರಿಸಿ ಬರೆಯುತ್ತಿದ್ದೇನೆ. ಇಬ್ಬರಿಗಾದರೆ ಒಣ ನೂಡಲ್ಸ್ 200 ಗ್ರಾಂ, ತರಕಾರಿ ಎಲ್ಲ ಸೇರಿ 300 ಗ್ರಾಂ, ಮಾಂಸವೋ ಹಲಸೋ 250 ಗ್ರಾಂ ಸಾಕು. ಒಲೆ ಹಚ್ಚುವ ಮುಂಚೆ ಹೆಚ್ಚುವುದೆಲ್ಲ ಮುಗಿದಿರಬೇಕು. ಉರಿ ಏರಿದ ಮೇಲೆ ಕತ್ತಿ ಹುಡುಕಲು ಪುರಸೊತ್ತಿರುವುದಿಲ್ಲ. ತರಕಾರಿ ತೊಳೆದರೆ ಬಟ್ಟೆಯಲ್ಲಿ ಒರೆಸು. ನೂಡಲ್ಸನ್ನು ಪೊಟ್ಟಣದ ಮೇಲೆ ಬರೆದದ್ದಕ್ಕಿಂತ ಒಂದು ನಿಮಿಷ ಕಡಿಮೆ ಬೇಯಿಸು. ಎರಡು ದೊಡ್ಡ ಚಮಚ ಸೋಯಾ ಸಾಸ್, ಅರ್ಧ ಚಮಚ ಸಕ್ಕರೆ, ಕುಟ್ಟಿದ ಕಾಳುಮೆಣಸು, ಎರಡು ಚಮಚ ನೀರು ಒಂದು ಬಟ್ಟಲಲ್ಲಿ ಮೊದಲೇ ಕಲಸಿಡು. ಕ್ಯಾರೆಟ್ ಮತ್ತು ಬೀನ್ಸ್ ಮೊದಲು, ದೊಣ್ಣೆಮೆಣಸು ಮತ್ತು ಕ್ಯಾಬೇಜ್ ಆಮೇಲೆ, ಈರುಳ್ಳಿ ಸೊಪ್ಪು ಒಲೆ ಆರಿಸುವಾಗ. ಮುಚ್ಚಳ ಮಾತ್ರ ಹಾಕಬೇಡ. ನಾಲ್ಕು ಜನರಿಗೆ ಮಾಡುವುದಾದರೆ ಎರಡು ಸಲ ಮಾಡು, ಬಾಣಲೆಗೆ ಬೆಟ್ಟ ಹೊರಿಸಬೇಡ. ಉಪ್ಪನ್ನು ರುಚಿ ನೋಡಿದ ಮೇಲೆ ಹಾಕು, ಸೋಯಾದಲ್ಲೇ ಸಾಕಷ್ಟು ಇರುತ್ತದೆ. ಬಣ್ಣದ ಪುಡಿ ಯಾವ ಕಾರಣಕ್ಕೂ ಬೇಡ. 2024ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದೇ ತಿಂಗಳು ಶಿರಸಿಯಲ್ಲಿ ಮಾರಿಜಾತ್ರೆ. ಜಾತ್ರೆಯಲ್ಲಿ ನಿನ್ನ ತಮ್ಮನ ಮೊದಲ ದೂರು, ಗೋಬಿ ಕೆಂಪಗಿಲ್ಲ ಎಂದು!

ಮಾಂಸದ ವಿಷಯದಲ್ಲಿ ನನಗೆ ಕೈ ಅನುಭವ ಇಲ್ಲ. ಆದರೆ ನೀನು ಹೇಳಿದ ಒಂದು ಮಾತು ಪೂರ್ತಿ ಅರ್ಥವಾಯಿತು. ನಾರಿನ ಉದ್ದಕ್ಕೆ ಕೊಯ್ದರೆ ಚರ್ಮದ ಪಟ್ಟಿಯ ಹಾಗೆ ಜಗಿಯಬೇಕು, ನಾರಿಗೆ ಅಡ್ಡಲಾಗಿ ತೆಳ್ಳಗೆ ಕೊಯ್ದರೆ ಮೆತ್ತಗಾಗುತ್ತದೆ ಎಂದೆಯಲ್ಲ, ಬಾಳೆದಿಂಡು ಹೆಚ್ಚುವವರೆಲ್ಲ ಅದನ್ನೇ ಮಾಡುತ್ತಾರೆ. ಬಿಲ್ಲೆಬಿಲ್ಲೆಯಾಗಿ ಅಡ್ಡ ಕೊಯ್ದು, ಬರುವ ನಾರನ್ನು ಬೆರಳಿಗೆ ಸುತ್ತಿ ತೆಗೆಯುವುದನ್ನು ನಿನಗೆ ನಾನೇ ಕಲಿಸಿದ್ದು. ಅರ್ಧ ತಾಸು ಫ್ರೀಜರಿನಲ್ಲಿಟ್ಟರೆ ತೆಳ್ಳಗೆ ಕೊಯ್ಯಲು ಬರುತ್ತದೆ, ಒಂದು ಚಮಚ ಸೋಯಾ, ಒಂದು ಚಮಚ ಕಾರ್ನ್‌ಫ್ಲೋರ್, ಒಂದು ಚಮಚ ಎಣ್ಣೆ ಸವರಿ ಕಾಲು ತಾಸು ಇಟ್ಟರೆ ರಸ ಒಳಗೇ ಉಳಿಯುತ್ತದೆ, ಎರಡು ಪಾಲು ಮಾಡಿ ಒಂದೊಂದೇ ನಿಮಿಷ ಹುರಿದು ಹೊರತೆಗೆದು ಕೊನೆಯಲ್ಲಿ ಸೇರಿಸಬೇಕು ಎಂದದ್ದನ್ನೂ ಬರೆದುಕೊಂಡಿದ್ದೇನೆ. ಹಸಿ ಮಾಂಸ ತಾಗಿದ ಮಣೆ, ಕತ್ತಿ, ಕೈ ಮೂರನ್ನೂ ಸೋಪಿನಲ್ಲಿ ತೊಳೆಯದೆ ತರಕಾರಿ ಮುಟ್ಟಬೇಡ. ಉಳಿದದ್ದು ಎರಡು ತಾಸಿನೊಳಗೆ ಫ್ರಿಜ್ ಸೇರಲಿ. ಇದು ಮಡಿ ಮೈಲಿಗೆಯ ಮಾತಲ್ಲ, ಹೊಟ್ಟೆಯ ಮಾತು.

ಮತ್ತೊಂದು. ನಿನ್ನ ಮನೆಗೆ ಸಸ್ಯಾಹಾರಿಗಳು ಬಂದಾಗ ಮಾಂಸ ಬಿಟ್ಟೆ ಎಂದರೆ ಸಾಲದು. ಹಳದಿ ನೂಡಲ್ಸಿನಲ್ಲಿ ಎಷ್ಟೋ ಸಲ ಮೊಟ್ಟೆ ಇರುತ್ತದೆ. ಆಯ್‌ಸ್ಟರ್ ಸಾಸ್ ಸಮುದ್ರದ ಚಿಪ್ಪಿನೊಳಗಿನ ಜೀವಿಯಿಂದ ಮಾಡುವುದು. ಪೊಟ್ಟಣ ಓದಿ, ಬಡಿಸುವ ಮುಂಚೆ ಹೇಳಿಬಿಡು.

ಕಾಳುಮೆಣಸು ನಮ್ಮ ತೋಟದ್ದನ್ನೇ ಹಾಕು. ಮೆಣಸಿನಕಾಯಿಯನ್ನು ಪೋರ್ಚುಗೀಸರು ಹಡಗಿನಲ್ಲಿ ತರುವ ಮುಂಚೆ ಈ ಘಟ್ಟದಲ್ಲಿ ಖಾರ ಎಂದರೆ ಮುಖ್ಯವಾಗಿ ಅದೇ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಕಾಳುಮೆಣಸಿನ ರಾಣಿ ಎಂದೇ ಕರೆದರು. ನಮ್ಮ ತಿಥಿಯ ಅಡುಗೆ ನೆನಪು ಮಾಡಿಕೋ. ಅದಕ್ಕೆ ಮೆಣಸಿನಕಾಯಿ ಇಲ್ಲ, ಕ್ಯಾಬೇಜ್ ಇಲ್ಲ, ಆಲೂಗಡ್ಡೆ ಇಲ್ಲ, ಕಾಳುಮೆಣಸೇ. ತಡವಾಗಿ ಬಂದವು ಯಾವುವು ಎಂದು ಆ ಅಡುಗೆ ಇಂದಿಗೂ ಲೆಕ್ಕ ಇಟ್ಟಿದೆ. ಉಳಿದ ದಿನ ಅವೆಲ್ಲ ನಮ್ಮ ಬಾಣಲೆಯಲ್ಲೇ ಇರುತ್ತವೆ. ‘ನಮ್ಮ ಅಡುಗೆ ಅನಾದಿ ಕಾಲದ್ದು’ ಎಂದು ಯಾರಾದರೂ ಗಟ್ಟಿ ದನಿಯಲ್ಲಿ ಹೇಳಿದಾಗ ನನಗೆ ಕ್ಯಾಬೇಜ್ ನೆನಪಾಗುತ್ತದೆ.

ಈಗ ಕರುವಿನ ಸುದ್ದಿ. ನಾನು ದನ ಸಾಕಿದವಳು. ಗೋಪೂಜೆಯ ದಿನ ಅಡಿಕೆ ಸರ ಮಾಡಿ ಕೊರಳಿಗೆ ಕಟ್ಟುವವಳು. ದನದ ಮಾಂಸ ಎಂಬ ಮಾತು ಓದಿದಾಗ ಹೊಟ್ಟೆಯೊಳಗೆ ಏನೋ ಅಲುಗಿತು, ಅದನ್ನು ಮುಚ್ಚಿಡುವುದಿಲ್ಲ. ನಾನು ಅದನ್ನು ತಿನ್ನುವವಳಲ್ಲ, ನನ್ನ ಒಲೆಯಲ್ಲಿ ಬೇಯಿಸುವವಳೂ ಅಲ್ಲ. ಆದರೆ ನಿನಗೆ ಉಪದೇಶ ಮಾಡಲು ಬಾಯಿ ತೆರೆದಾಗೆಲ್ಲ ಕೊಟ್ಟಿಗೆಯ ಗೂಟದಲ್ಲಿ ನೇತಾಡುವ ಹಗ್ಗಗಳು ಕಣ್ಣಿಗೆ ಬೀಳುತ್ತವೆ. ದನ ಮಾರುವಾಗ ಹಗ್ಗ ಕೊಡಬಾರದು, ಬಿಚ್ಚಿ ಇಟ್ಟುಕೊಳ್ಳಬೇಕು ಎಂಬ ರೂಢಿ ನಿನಗೆ ಗೊತ್ತು. ನಮ್ಮಲ್ಲಿ ಆ ಹಗ್ಗಗಳು ಏಳೋ ಎಂಟೋ ಇವೆ. ಗಾಡಿ, ನೇಗಿಲು ಇದ್ದ ಕಾಲದಲ್ಲಿ ಗಂಡು ಕರು ಎತ್ತಾಗುತ್ತಿತ್ತು. ಟಿಲ್ಲರು ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. ಹಾಲು ನಮಗೆ ಬೇಕಿತ್ತು, ಹಾಲು ಬರಬೇಕಾದರೆ ಆಕಳು ಕರು ಹಾಕಬೇಕು, ಹಾಕಿದ ಕರುಗಳಲ್ಲಿ ಅರ್ಧ ಗಂಡು. ಮುಸ್ಸಂಜೆಗೆ ಯಾರೋ ಬರುತ್ತಿದ್ದರು. ನಿನ್ನ ಅಜ್ಜ ಹಗ್ಗ ಬಿಚ್ಚಿ, ಬೇರೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಎಲ್ಲಿಗೆ ಒಯ್ಯುತ್ತೀರಿ ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮಾರನೆ ದಿನ ಮಜ್ಜಿಗೆ ಕಡೆದೆವು, ತಂಬುಳಿ ಉಂಡೆವು.

ಈಗ ಕಾನೂನು ಬೇರೆ. 1964ರ ಕಾಯಿದೆಯ ಜಾಗದಲ್ಲಿ ಬಂದ 2020ರ ಕಾಯಿದೆ ಜಾರಿಯಾಗಿ, 2021ರ ಜನವರಿಯಿಂದ ಕರ್ನಾಟಕದಲ್ಲಿ ಆಕಳು, ಕರು, ಹೋರಿ, ಎತ್ತು ಯಾವುದನ್ನೂ ಮಾಂಸಕ್ಕಾಗಿ ವಧಿಸಲು ಅವಕಾಶವಿಲ್ಲ. 13 ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ, ಅದೂ ಅಧಿಕಾರಿಯ ಪ್ರಮಾಣಪತ್ರವಿದ್ದರೆ. ಆದ್ದರಿಂದ ಅಲ್ಲಿ ನಿನ್ನ ಅಡುಗೆಮನೆಯಲ್ಲಿ ಸಾಮಾನ್ಯವಾದದ್ದು ಇಲ್ಲಿ ಸಾಮಾನ್ಯವಲ್ಲ ಎಂಬುದು ನೆನಪಿರಲಿ. ಗೌರಿಯ ಕರುವನ್ನು ಈ ಸಲ ಇಟ್ಟುಕೊಳ್ಳುವುದೆಂದು ದೊಡ್ಡಪ್ಪ ಹೇಳಿದ್ದಾರೆ. ಮಲೆನಾಡು ಗಿಡ್ಡ ತಳಿ, ತಿನ್ನುವುದೂ ಕಡಿಮೆ, ಬೆಟ್ಟಕ್ಕೆ ಬಿಟ್ಟರೆ ಮೇದುಕೊಂಡು ಬರುತ್ತದೆ. ಇದರಿಂದ ಹಳೆಯ ಹಗ್ಗಗಳ ಲೆಕ್ಕ ಚುಕ್ತಾ ಆಗುವುದಿಲ್ಲ, ನನಗೆ ಗೊತ್ತು. ಹಾಲು ಕುಡಿದವಳು ಮಾಂಸ ತಿಂದವಳ ಮುಂದೆ ತಲೆಯೆತ್ತಿ ನಿಲ್ಲುವಷ್ಟು ಅಂತರ ನಮ್ಮ ನಡುವೆ ಇಲ್ಲ ಎಂದಷ್ಟೇ ಹೇಳಿದೆ.

ಹಾಗಾದರೆ ಊಟದ ವಿಷಯದಲ್ಲಿ ನಿನಗೆ ಹೇಳಲು ನನ್ನ ಹತ್ತಿರ ಏನಿದೆ? ಎರಡು ಪಾತ್ರೆಗಳ ಕತೆ ಇದೆ.

ನಾನು ಮುಂಡಗೋಡ ಕಡೆ ಶಾಲೆಯಲ್ಲಿ ಟೀಚರಾಗಿದ್ದ ಕಾಲ, 1980ರ ದಶಕ. ಅಲ್ಲಿ 1966ರಿಂದ ಟಿಬೆಟ್ ಬಿಟ್ಟು ಬಂದವರ ಕ್ಯಾಂಪುಗಳಿವೆ, ಗಾದೆನ್ ಮತ್ತು ಡ್ರೆಪುಂಗ್ ಮಠಗಳಿವೆ. ಒಂದು ಚಳಿಗಾಲದ ಭಾನುವಾರ ಜೊತೆಯ ಟೀಚರಿನ ಸಂಗಡ ಸ್ವೆಟರ್ ಕೊಳ್ಳಲು ಕ್ಯಾಂಪಿಗೆ ಹೋಗಿದ್ದೆ. ಆ ಮನೆಯ ಹೆಂಗಸು ಊಟ ಮಾಡದೆ ಹೋಗಬಾರದೆಂದು ಹಟ ಹಿಡಿದಳು. ತೊಲೆಗೆ ಕಟ್ಟಿದ ಹಗ್ಗದಲ್ಲಿ ಒಣ ಮಾಂಸದ ಪಟ್ಟಿಗಳು ತೂಗುತ್ತಿದ್ದವು. ತರಕಾರಿ ಕಡಿಮೆ ಬೆಳೆಯುವ ಎತ್ತರದ ಚಳಿ ನಾಡಿನಿಂದ ಬಂದವರು, ಬೌದ್ಧರಾದರೂ ಮಾಂಸ ಅವರ ಅನ್ನ. ನನ್ನ ಕಣ್ಣು ಎಲ್ಲಿ ಹೋಯಿತೆಂದು ಅವಳು ನೋಡಿದಳು. ಒಂದು ಮಾತೂ ಆಡದೆ ಪಾತ್ರೆಯನ್ನು ಅಂಗಳಕ್ಕೆ ಒಯ್ದು, ನನಗೆ ಕಾಣುವ ಹಾಗೆ ಕುಳಿತು, ಬೂದಿ ಹಾಕಿ ತಿಕ್ಕಿ ಮೂರು ಸಲ ತೊಳೆದಳು. ಹೊಸ ನೀರು ಕುದಿಸಿದಳು. ಆಲೂಗಡ್ಡೆ, ಮೂಲಂಗಿ, ಸೊಪ್ಪು ಹಾಕಿದಳು. ಗೋಧಿ ಹಿಟ್ಟಿನ ಪಟ್ಟಿಯೊಂದನ್ನು ಮುಂಗೈ ಮೇಲೆ ಇಳಿಬಿಟ್ಟುಕೊಂಡು, ಹೆಬ್ಬೆರಳಿನಿಂದ ಚಪ್ಪಟೆ ಮಾಡುತ್ತ, ಚಿವುಟಿ ಚಿವುಟಿ ಕುದಿಯುವ ನೀರಿಗೆ ಎಸೆದಳು. ನಾವು ಹೂವಿನ ಎಸಳು ಕೀಳುವ ಹಾಗೆ. ಥೆಂತುಕ್ ಎಂದು ಅದರ ಹೆಸರು. ‘ಮಾಂಸ ಇಲ್ಲ ಟೀಚರ್, ತಿನ್ನಿ’ ಎಂದು ಬಟ್ಟಲು ಮುಂದಿಟ್ಟು, ತನ್ನ ಬಟ್ಟಲಿಗೂ ಅದನ್ನೇ ಬಡಿಸಿಕೊಂಡು ನನ್ನ ಪಕ್ಕ ಕೂತು ಉಂಡಳು.

ಎರಡನೆಯದು ಇದಕ್ಕಿಂತ ಹಳೆಯದು, ಯಲ್ಲಾಪುರ ಕಡೆಯ ನನ್ನ ತವರುಮನೆಯದು. ತೋಟದ ಕೆಲಸಕ್ಕೆ ಒಬ್ಬ ಸಿದ್ದಿ ಹೆಂಗಸು ಬರುತ್ತಿದ್ದಳು. ಸಿದ್ದಿಯರ ಹಿರಿಯರು ಆಫ್ರಿಕಾದಿಂದ ಬಂದವರೆಂದು ನೀನು ಶಾಲೆಯಲ್ಲಿ ಓದಿದ್ದೀಯ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ, ಆದರೂ ತಾವೆಲ್ಲ ಒಂದೇ ಜನ ಎನ್ನುತ್ತಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಅವಳಿಗೆ ಚಹಾ ಕೊಡಲು ಜಗುಲಿಯ ಹೊರಗಿನ ಗೂಡಿನಲ್ಲಿ ಒಂದು ಗ್ಲಾಸು ಇರುತ್ತಿತ್ತು. ನಾನು ಹತ್ತು ವರ್ಷದವಳು, ಮೇಲಿನಿಂದ ಸುರಿಯುತ್ತಿದ್ದೆ. ತಾಗಬಾರದಲ್ಲ! ಕುಡಿದು, ತಾನೇ ತೊಳೆದು, ಗ್ಲಾಸನ್ನು ಬೋರಲು ಹಾಕಿ ಅದೇ ಗೂಡಿನಲ್ಲಿ ಇಟ್ಟು ಹೋಗುತ್ತಿದ್ದಳು. ಅವಳು ನಮ್ಮ ತೋಟದ ಅಡಿಕೆ ಹೆಕ್ಕಿದಳು, ನನಗೆ ಜ್ವರ ಬಂದಾಗ ಕಾಡಿನ ಬೇರು ತಂದುಕೊಟ್ಟಳು. ಅವಳು ಏನು ಉಣ್ಣುತ್ತಾಳೆ ಎಂದು ನಮ್ಮ ಮನೆಯಲ್ಲಿ ಒಬ್ಬರೂ ಅವಳನ್ನು ಕೇಳಿದ್ದು ನನಗೆ ನೆನಪಿಲ್ಲ. ಗ್ಲಾಸು ಬೇರೆಯಿಡಲು ಅದು ಗೊತ್ತಿರಬೇಕಾಗಿಯೇ ಇರಲಿಲ್ಲ.

ಎರಡೂ ಬೇರೆ ಪಾತ್ರೆಗಳೇ. ಒಂದನ್ನು ನನ್ನ ಮರ್ಯಾದೆ ಉಳಿಸಲು ತೊಳೆದರು, ಇನ್ನೊಂದನ್ನು ಒಬ್ಬಳ ಮರ್ಯಾದೆ ತೆಗೆಯಲು ಇಟ್ಟರು. ಮುಂಡಗೋಡಿನವಳು ಪಾತ್ರೆ ಬೇರೆ ಮಾಡಿ ಪಕ್ಕದಲ್ಲಿ ಕೂತಳು. ನಾವು ಪಾತ್ರೆಯ ನೆಪದಲ್ಲಿ ಪಂಕ್ತಿಯನ್ನೇ ಬೇರೆ ಮಾಡಿದೆವು. ಪಾತ್ರೆ ಬೇರೆಯಿದ್ದರೆ ಅಡ್ಡಿಲ್ಲ ಕೂಸೇ, ಪಂಕ್ತಿ ಬೇರೆಯಾಗಬಾರದು. ನಿನ್ನ ಮನೆಯಲ್ಲಿ ನಾಲ್ಕು ದೇಶದ ನಾಲ್ಕು ಹುಡುಗಿಯರಿದ್ದೀರಿ. ಹಂದಿ ಒಲ್ಲದವಳು ಇರಬಹುದು, ದನ ಒಲ್ಲದವಳು ಇರಬಹುದು, ಏನೂ ಒಲ್ಲದ ದೊಡ್ಡಾಯಿಯೂ ಒಂದು ದಿನ ಬಂದಾಳು. ಎರಡು ಬಾಣಲೆ ಇಟ್ಟುಕೊಳ್ಳಿ. ತರಕಾರಿಯ ಬಾಣಲೆ ಮೊದಲು ಒಲೆಗೆ ಏರಲಿ. ಉಣ್ಣುವಾಗ ಮೇಜು ಒಂದೇ ಇರಲಿ, ಯಾರ ತಾಟು ನೋಡಿಯೂ ಯಾರೂ ಮೂಗು ಮುರಿಯದಿರಲಿ. ನಿನ್ನ ತಂಬುಳಿ ನೋಡಿ ಅವರು ಮುರಿದರೂ ತಪ್ಪು, ಅವರ ಮಾಂಸ ನೋಡಿ ನೀನು ಮುರಿದರೂ ತಪ್ಪು.

ಇನ್ನು ಅಳಿಸಿದ ಫೋಟೋ. ಮಾರಿಜಾತ್ರೆಯ ಹಿಂದಿನ ಕತೆ ನಿನಗೆ ಗೊತ್ತು. ಜಾತಿ ಮುಚ್ಚಿಟ್ಟು ಮದುವೆಯಾದ ಗಂಡ, ಊಟದ ಹೊತ್ತಿಗೆ ಅತ್ತೆಯ ಬಾಯಿಂದ ಮಾಂಸದ ರುಚಿಯ ಮಾತು ಜಾರಿ ಗುಟ್ಟು ಹೊರಬಿದ್ದದ್ದು, ಸಿಟ್ಟೆದ್ದ ಹೆಂಡತಿ ಎಲ್ಲದಕ್ಕೂ ಬೆಂಕಿಯಿಟ್ಟದ್ದು. ಅದರ ನೆನಪಿಗೆ ಶಿರಸಿಯಲ್ಲಿ ಇಂದಿಗೂ ಜಾತ್ರೆಯ ಕೊನೆಗೆ ಮಾತಂಗಿ ಚಪ್ಪರ ಸುಡುತ್ತಾರೆ. ಸಣ್ಣವಳಿದ್ದಾಗ ಆ ಕತೆ ಕೇಳಿ ನಾನು ಹೆಂಡತಿಯ ಪಕ್ಷ ವಹಿಸುತ್ತಿದ್ದೆ. ಈಗ ಕೇಳಿದರೆ ಬೇರೆ ಯೋಚನೆ ಬರುತ್ತದೆ: ನಿಜ ಹೇಳಿದರೆ ಅಂಗಳಕ್ಕೂ ಸೇರಿಸದ ಲೋಕದಲ್ಲಿ ಅವನು ಮುಚ್ಚಿಡದೆ ಮತ್ತೇನು ಮಾಡಬೇಕಿತ್ತು? ರೂಢಿ ಬದಲಾಗದ್ದೇನಲ್ಲ, ಆ ಜಾತ್ರೆಯಲ್ಲೇ ಮೊದಲು ಕೋಣನ ಬಲಿ ನಡೆಯುತ್ತಿತ್ತು. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದ ಕಾಲಕ್ಕೆ ಅದು ನಿಂತಿತು. ಹಿಂದಿನಿಂದ ಬಂದ ಪದ್ಧತಿ ಎಂದು ವಾದ ಮಾಡಿದವರು ಆಗಲೂ ಇದ್ದಿರಬೇಕು. ನಿಂತ ಮೇಲೂ ಜಾತ್ರೆ ನಡೆಯುತ್ತಿದೆ, ದೇವಿಯೂ ಇದ್ದಾಳೆ. ನೀನು ಫೋಟೋ ಅಳಿಸಿದ್ದು ನಿನ್ನ ತಪ್ಪಿಗಿಂತ ಹೆಚ್ಚಾಗಿ ನಮ್ಮ ಮುಖ ಹೇಗಾದೀತೋ ಎಂಬ ಭಯದಿಂದ. ನಿನ್ನ ಅಪ್ಪನಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಹೇಳಬೇಕಾದವಳು ನೀನು, ಯಾವಾಗ ಎಂಬುದೂ ನಿನ್ನದೇ. ಅವನು ಎರಡು ದಿನ ಮಾತು ಬಿಡಬಹುದು. ಮೂರನೇ ದಿನ ಅಲ್ಲಿ ಚಳಿ ಹೇಗಿದೆ ಎಂದು ಕೇಳುತ್ತಾನೆ. ನನ್ನ ಮೈದುನ, ನಲವತ್ತು ವರ್ಷದಿಂದ ನೋಡಿದ್ದೇನೆ.

ದೀಪಾವಳಿಯ ದೊಡ್ಡಹಬ್ಬಕ್ಕೆ ರಜೆ ಸಿಕ್ಕರೆ ಬಾ. ಗೆಳತಿಯನ್ನೂ ಕರೆದುಕೊಂಡು ಬಾ. ಹೆಬ್ಬಾಗಿಲಿನಲ್ಲಿ ‘ಆಸರಿಗೆ ಎಂತಾ’ ಎಂದು ಅವಳನ್ನು ಕೇಳುತ್ತೇನೆ, ಕುಡಿಯಲು ಏನು ಕೊಡಲಿ ಎಂದು ಅರ್ಥ ನೀನು ಹೇಳು. ಇಲ್ಲಿ ಇರುವಷ್ಟು ದಿನ ಅವಳು ನಮ್ಮ ಒಲೆಯ ಅನ್ನ ಉಣ್ಣಬೇಕಾಗುತ್ತದೆ, ಅದನ್ನೂ ಮೊದಲೇ ಹೇಳಿಡು. ದೊಡ್ಡ ಬಾಣಲೆ ಹೊತ್ತು ತರಬೇಡ, ಬಚ್ಚಲೊಲೆಯ ಮೇಲೆ ಅತ್ತೆಯದ್ದು ಇದೆ. ಶಾವಿಗೆ ಒರಳನ್ನು ನಾಗಂದಿಗೆಯಿಂದ ಇಳಿಸಿ, ತೊಳೆದು, ಎಣ್ಣೆ ಹಚ್ಚಿಟ್ಟಿದ್ದೇನೆ. ಒತ್ತಲು ನನ್ನ ತೋಳಿಗೆ ಈಗ ಶಕ್ತಿ ಸಾಲದು, ದೊಡ್ಡಪ್ಪನಿಗೆ ಮಂಡಿ ಬಗ್ಗದು. ಅದಕ್ಕೆ ಇಬ್ಬರು ಬೇಕು.

ಇತಿ,
ನಿನ್ನ ದೊಡ್ಡಾಯಿ